ಹುಡುಕಿಕೊಂಡು ಹೋದವನನ್ನು ಹುಡುಕುತ್ತಿದ್ದವರು

ಹೊಸ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ಬಾರ್ ಎಲ್ಲಿದೆ ಎಂದು ಯಾರನ್ನು ಬೇಕಾದರೂ ಕೇಳಬಹುದು. ಕೇಳಿದವನಿಗೂ ಸಂಕೋಚವಿಲ್ಲ, ಕೈ ತೋರಿಸಿದವನಿಗೂ ಇಲ್ಲ. ಎಷ್ಟೋ ಸಲ ಕೇಳುವ ಪ್ರಮೇಯವೇ ಬರುವುದಿಲ್ಲ, ಬೋರ್ಡೇ ಕರೆಯುತ್ತದೆ. ಅದೇ ಊರಿನಲ್ಲಿ ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ಸೇರುವ ಜಾಗ ಯಾವುದು ಎಂದು ಕೇಳಬೇಕಾದರೆ ಮಾತ್ರ ನಾಲಿಗೆ ಏಳುವುದಿಲ್ಲ. ಮೆಡಿಕಲ್ ಶಾಪಿನವನನ್ನು ಕೇಳಲೇ, ಆಟೋದವನನ್ನು ಕೇಳಲೇ, ಪರಿಚಯದ ಡಾಕ್ಟರನ್ನು ಕೇಳಲೇ ಎಂದು ಲೆಕ್ಕ ಹಾಕುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಕುಡಿಯುವುದಕ್ಕೆ ಇಲ್ಲದ ನಾಚಿಕೆ ಬಿಡುವುದಕ್ಕೆ ಎಲ್ಲಿಂದ ಬರುತ್ತದೆ?

ಗುಟ್ಟು ಬಯಲಾದೀತೆಂಬ ನಾಚಿಕೆಯಂತೂ ಅಲ್ಲ. ಅವನು ಕುಡಿಯುತ್ತಾನೆಂಬುದು ಬೀದಿಗೆಲ್ಲ ಗೊತ್ತು. ಕಿರಾಣಿ ಅಂಗಡಿಯವನಿಗೆ ಸಾಲದ ಪುಸ್ತಕದಿಂದ ಗೊತ್ತು, ಮಗಳ ಟೀಚರಿಗೆ ಪೋಷಕರ ಸಭೆಗೆ ಯಾವಾಗಲೂ ತಾಯಿ ಒಬ್ಬಳೇ ಬರುವುದರಿಂದ ಗೊತ್ತು, ಪಕ್ಕದ ಮನೆಯವರಿಗೆ ರಾತ್ರಿಯ ಸದ್ದಿನಿಂದ ಗೊತ್ತು. ಯಾರಿಗೂ ಗೊತ್ತಿಲ್ಲದ್ದು ಒಂದೇ: ಬಿಡಬೇಕೆಂದು ಅವನಿಗೆ ಎಷ್ಟು ಬೆಳಗುಗಳಲ್ಲಿ ಅನ್ನಿಸಿದೆ ಎಂಬುದು. ಕುಡುಕ ಎಂಬ ಹೆಸರು ಹೇಗೂ ಬಂದಾಗಿದೆ. ಆ ಹೆಸರಿನಲ್ಲಿ ಒಂದು ವಿಚಿತ್ರ ನೆಮ್ಮದಿಯೂ ಇದೆ, ಅವನಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ. ‘ಬಿಡುತ್ತೇನೆ’ ಎಂದು ಬಾಯಿ ಬಿಟ್ಟರೆ ನಿರೀಕ್ಷೆ ಮತ್ತೆ ಶುರುವಾಗುತ್ತದೆ. ಸೋತರೆ ಎಲ್ಲರ ಕಣ್ಣೆದುರೇ ಸೋಲಬೇಕು. ಅವನು ಬಚ್ಚಿಟ್ಟುಕೊಂಡಿರುವುದು ಬಾಟಲಿಯನ್ನಲ್ಲ, ಆಸೆಯನ್ನು.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದು ಅಂಕಿ ಇದೆ. ಮದ್ಯದ ತೊಂದರೆಗೆ ನೆರವು ಬೇಕಾದವರು ಈ ದೇಶದಲ್ಲಿ ಸುಮಾರು 5.7 ಕೋಟಿ. ಕುಡಿತ ಬಿಟ್ಟಿರಲಾರದ ಸ್ಥಿತಿಗೆ ಬಂದವರನ್ನಷ್ಟೇ ತೆಗೆದುಕೊಂಡರೂ, ಯಾವುದೋ ಒಂದು ಬಗೆಯ ಚಿಕಿತ್ಸೆಯೋ ನೆರವೋ ಸಿಕ್ಕಿದೆ ಎಂದವರು 38ರಲ್ಲಿ ಒಬ್ಬರು. ಉಳಿದ 37 ಮಂದಿಯ ಪಾಲಿಗೆ ಆಸ್ಪತ್ರೆ ದೂರ, ಡಾಕ್ಟರು ಕಡಿಮೆ, ಕೈಯಲ್ಲಿ ಕಾಸಿಲ್ಲ. ಇವೆಲ್ಲ ನಿಜ. ಆದರೆ ಗಂಟಲಲ್ಲೇ ಸಿಕ್ಕಿಕೊಂಡ ಆ ಒಂದು ಪ್ರಶ್ನೆಯ ಪಾಲೂ ಇದರಲ್ಲಿ ಸಣ್ಣದಲ್ಲ.

ಹಾಗಾದರೆ ನಮ್ಮಲ್ಲಿ ಕುಡಿತ ಬಿಡುವ ದಾರಿಗಳೇ ಇಲ್ಲವೆ? ಇವೆ, ಬೇಕಾದಷ್ಟಿವೆ. ಮೊದಲನೆಯದು ಆಣೆ. ಮಗುವಿನ ತಲೆ ಮುಟ್ಟಿ ಆಣೆ, ತಾಯಿಯ ಕಾಲು ಹಿಡಿದು ಆಣೆ, ಮಂಜುನಾಥನ ಸನ್ನಿಧಿಯಲ್ಲಿ ಆಣೆ. ಎರಡನೆಯದು ವ್ರತ. ಕಾರ್ತಿಕ ಮಾಸ ಬಂದರೆ ನಮ್ಮ ಊರುಗಳಲ್ಲಿ ಅಯ್ಯಪ್ಪನ ಮಾಲೆ ಹಾಕಿದವರನ್ನು ನೋಡಿ. ವರ್ಷವಿಡೀ ಸಂಜೆ ಆರಕ್ಕೆ ಕ್ವಾರ್ಟರ್ ಇಲ್ಲದೆ ಆಗದವನು 41 ದಿನ ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಿ, ಬರಿಗಾಲಲ್ಲಿ ನಡೆದು, ನೆಲದ ಮೇಲೆ ಮಲಗಿ, ಒಂದು ಹನಿಯೂ ಮುಟ್ಟದೆ ಇರುತ್ತಾನೆ. ಊರಿನವರು ಅವನನ್ನು ‘ಸ್ವಾಮಿ’ ಎಂದು ಕರೆಯುತ್ತಾರೆ. ಮಕ್ಕಳು ಹತ್ತಿರ ಬರುತ್ತವೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆ ಅವರಲ್ಲಿ ಎಷ್ಟೋ ಮಂದಿ ಹಳೆಯ ಜಾಗದಲ್ಲಿ ಹಳೆಯ ಗೆಳೆಯರ ಜೊತೆ ಕೂತಿರುತ್ತಾರೆ.

ಇದನ್ನು ಹೇಳಿ ನಗುವವರೇ ಹೆಚ್ಚು. ನನಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಆ 41 ದಿನ ಸುಳ್ಳಲ್ಲ. ಮನಸ್ಸು ಗಟ್ಟಿಯಿಲ್ಲದವನು ಎಂದು ಊರು ಯಾರನ್ನು ಬೈಯುತ್ತದೋ ಅವನಿಗೆ ಮನಸ್ಸು ಎಷ್ಟು ಗಟ್ಟಿಯಿದೆ ಎಂಬುದಕ್ಕೆ ಅದೇ ಸಾಕ್ಷಿ. ಆ ದಿನಗಳಲ್ಲಿ ಅವನಿಗೆ ಇದ್ದದ್ದೇನು ಎಂದು ಬಿಡಿಸಿ ನೋಡಿದರೆ, ದೇವರೊಬ್ಬನೇ ಅಲ್ಲ, ಬೇರೆಯವೂ ಸಿಗುತ್ತವೆ. ಸಂಜೆ ಹೋಗಿ ಕೂರಲು ಒಂದು ಭಜನೆಯ ಜಾಗವಿತ್ತು. ತನ್ನ ಹಾಗೆಯೇ ವ್ರತದಲ್ಲಿರುವ ಒಂದು ಗುಂಪಿತ್ತು. ಗುಂಪಿನಲ್ಲಿ ಹತ್ತಾರು ಸಲ ಮಲೆಗೆ ಹೋಗಿಬಂದ ಗುರುಸ್ವಾಮಿಯೊಬ್ಬರಿದ್ದರು. ಬೆಲೆ ಸಿಗುವ ಒಂದು ಹೆಸರಿತ್ತು. ಮಾಲೆ ತೆಗೆದ ದಿನ ಈ ನಾಲ್ಕೂ ಒಟ್ಟಿಗೇ ಹೋದವು. ವ್ರತಕ್ಕೆ ಕೊನೆಯ ದಿನವೊಂದಿದೆ, ಕುಡಿತಕ್ಕೆ ಅದಿಲ್ಲ.

ಆಣೆಯ ಕಷ್ಟ ಬೇರೆ. ಅದು ಇಡೀ ಆಯುಷ್ಯವನ್ನು ಒಂದೇ ಏಟಿಗೆ ಕೇಳುತ್ತದೆ. ‘ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ’ ಎಂದವನು ಮೂರನೆಯ ವಾರ ಮುಟ್ಟಿದರೆ ಕುಡಿದ ತಪ್ಪಿನ ಜೊತೆಗೆ ಆಣೆ ಮುರಿದ ಪಾಪವೂ ಸೇರುತ್ತದೆ. ಮಗುವಿಗೆ ಜ್ವರ ಬಂದರೆ ತನ್ನಿಂದಲೇ ಬಂತು ಎಂದುಕೊಳ್ಳುತ್ತಾನೆ. ಆ ಪಾಪಪ್ರಜ್ಞೆಯನ್ನು ಮರೆಯಲು ಅವನಿಗೆ ಗೊತ್ತಿರುವ ಔಷಧಿ ಒಂದೇ. ಮುರಿದ ಆಣೆಗಳ ಲೆಕ್ಕ ಹೆಚ್ಚಾದಷ್ಟೂ ಅವನ ಮಾತಿಗೆ ಮನೆಯಲ್ಲಿ ಬೆಲೆ ಕಡಿಮೆ; ಕೊನೆಗೆ ಅವನ ಮಾತಿನ ಮೇಲೆ ಅವನಿಗೇ ನಂಬಿಕೆ ಇರುವುದಿಲ್ಲ. ಬಿಡುವ ಶಕ್ತಿ ಇದ್ದೂ, ಬಿಟ್ಟ ಮೇಲೆ ಕೂರಲು ಜಾಗವಿಲ್ಲದವನ ಪಾಡು ಇದು.

ಆ ಜಾಗ ಹೇಗೆ ಹುಟ್ಟಿತು ಎಂಬುದಕ್ಕೆ ಒಂದು ಕಥೆಯಿದೆ. 1935ರ ಮೇ ತಿಂಗಳು, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣ. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಎಂಬವನು ಒಂದು ಕಂಪನಿಯ ಹಿಡಿತ ಪಡೆಯಲು ಬಂದು, ಆ ಕೆಲಸ ಕೆಟ್ಟು, ಜೇಬು ಬಹುಮಟ್ಟಿಗೆ ಖಾಲಿಯಾಗಿ ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಕುಡಿತದಿಂದ ಬದುಕು ನೆಲಕಚ್ಚಿದ್ದವನು, ಹಿಂದಿನ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿದಾಗಿನಿಂದ ಮುಟ್ಟಿರಲಿಲ್ಲ. ಲಾಬಿಯ ಒಂದು ತುದಿಯಲ್ಲಿ ಬಾರು, ಅಲ್ಲಿಂದ ನಗುವಿನ ಸದ್ದು. ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಆ ಐದು ತಿಂಗಳು ಅವನು ನ್ಯೂಯಾರ್ಕಿನಲ್ಲಿ ಸಿಕ್ಕಸಿಕ್ಕ ಕುಡುಕರಿಗೆಲ್ಲ ಬೋಧನೆ ಮಾಡಿದ್ದ. ಒಬ್ಬನೂ ಬಿಟ್ಟಿರಲಿಲ್ಲ. ಆದರೆ ಹಾಗೆ ಓಡಾಡಿದ್ದರಿಂದ ಬಿಟ್ಟವನೊಬ್ಬನಿದ್ದಾನೆ, ಅದು ನೀನೇ ಎಂದು ಹೆಂಡತಿ ಲೋಯಿಸ್ ನೆನಪಿಸಿದ್ದರು. ಆ ಮಾತಿನ ತಿರುಳು ಅವನಿಗೆ ಹೊಳೆದದ್ದು ಆ ಲಾಬಿಯಲ್ಲಿ. ಅವನು ಫೋನ್ ಎತ್ತಿಕೊಂಡು ಪಾದ್ರಿಯೊಬ್ಬರಿಗೆ ಕರೆ ಮಾಡಿದ. ಕೇಳಿದ್ದು ಡಾಕ್ಟರನ್ನಲ್ಲ, ಪ್ರಾರ್ಥನೆಯನ್ನೂ ಅಲ್ಲ. ಈ ಊರಿನಲ್ಲಿ ನನ್ನ ಹಾಗೆಯೇ ಕುಡಿತಕ್ಕೆ ಸಿಕ್ಕಿಕೊಂಡ ಒಬ್ಬನನ್ನು ತೋರಿಸಿಕೊಡಿ ಎಂಬುದು ಅವನ ಕೋರಿಕೆ.

ಕರೆಯಿಂದ ಕರೆಗೆ ದಾಟಿ ಆ ಕೋರಿಕೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ಮುಟ್ಟಿತು. ಅವರಿಗೆ ಗೊತ್ತಿದ್ದ ಒಬ್ಬ ಶಸ್ತ್ರವೈದ್ಯನಿದ್ದ, ಡಾಕ್ಟರ್ ಬಾಬ್ ಸ್ಮಿತ್. ಮಾರನೆಯ ದಿನ ಅಮ್ಮಂದಿರ ದಿನದ ಭಾನುವಾರ ಹೆನ್ರಿಯೆಟಾ ಅವರ ಮನೆಯಲ್ಲಿ ಭೇಟಿ. ಹೆಂಡತಿಯ ಒತ್ತಾಯಕ್ಕೆ ಬಂದ ಬಾಬ್ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಷರತ್ತು ಹಾಕಿದ್ದ. ಸಂಜೆ ಐದಕ್ಕೆ ಶುರುವಾದ ಮಾತು ಮುಗಿಯುವಾಗ ರಾತ್ರಿ ಹನ್ನೊಂದು ದಾಟಿತ್ತು. ವೈದ್ಯಶಾಸ್ತ್ರ ಓದಿದ್ದ ಬಾಬ್‌ಗೆ ಕುಡಿತದ ಬಗ್ಗೆ ಬಿಲ್ ಹೇಳಿದ್ದರಲ್ಲಿ ಹೊಸ ಮಾಹಿತಿ ಹೆಚ್ಚೇನೂ ಇರಲಿಲ್ಲ. ಹೊಸದಾಗಿ ಇದ್ದದ್ದು ಹೇಳುವವನ ಸ್ಥಿತಿ. ಅವನು ಉಪಕಾರ ಮಾಡಲು ಬಂದಿರಲಿಲ್ಲ. ನೀನು ಕೇಳಿಸಿಕೊಂಡರೆ ನಾನು ಉಳಿಯುತ್ತೇನೆ ಎಂದು ಬಂದಿದ್ದ. ಬಾಬ್ ಒಮ್ಮೆ ಜಾರಿ, ಮತ್ತೆ ಎದ್ದು, ಕೊನೆಯ ಸಲ ಕುಡಿದದ್ದು ಆ ವರ್ಷದ ಜೂನ್ 10. ಆಲ್ಕೊಹಾಲಿಕ್ಸ್ ಅನಾನಿಮಸ್ ಅಂದರೆ ಎಎ ತನ್ನ ಹುಟ್ಟಿದ ದಿನವೆಂದು ಹೇಳುವುದು ಅದನ್ನೇ. ಆಮೇಲೆ ಇಬ್ಬರೂ ಊರಿನ ಆಸ್ಪತ್ರೆಗೆ ಹೋಗಿ, ಅಲ್ಲಿ ದಾಖಲಾಗಿದ್ದ ಒಬ್ಬ ವಕೀಲನ ಹಾಸಿಗೆಯ ಪಕ್ಕ ಕೂತರು. ಅವನು ಮೂರನೆಯವನಾದ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹುಡುಕಾಟ ತಿರುಗುಮುರುಗಾದ ರೀತಿ. ಮುಳುಗುತ್ತಿರುವವನು ದಡದಲ್ಲಿರುವವನನ್ನು ಕರೆಯುತ್ತಾನೆ ಎಂದು ನಾವು ತಿಳಿದಿದ್ದೇವೆ. ಇಲ್ಲಿ ದಡ ಹತ್ತಿದವನು, ದಡದಲ್ಲೇ ಉಳಿಯಬೇಕಾದರೆ ನೀರಿನಲ್ಲಿರುವ ಇನ್ನೊಬ್ಬನನ್ನು ಹುಡುಕಬೇಕಾಯಿತು. ದಾನ ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ ಎಂಬ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕುಡುಕನಿಗೆ ಉಪಕಾರ ಸಾಕಷ್ಟು ಸಿಕ್ಕಿರುತ್ತದೆ. ಅಣ್ಣ ಸಾಲ ತೀರಿಸಿದ್ದಾನೆ, ಮಾವ ಕೆಲಸ ಕೊಡಿಸಿದ್ದಾರೆ, ಹೆಂಡತಿ ಕ್ಷಮಿಸಿದ್ದಾಳೆ. ಪ್ರತಿ ಉಪಕಾರವೂ ಅವನನ್ನು ಇನ್ನಷ್ಟು ಕುಗ್ಗಿಸಿದೆ. ಅವನಿಗೆ ಸಿಗದೇ ಹೋದದ್ದು, ‘ನಿನ್ನಿಂದ ನನಗೊಂದು ಸಹಾಯ ಆಗಬೇಕು’ ಎಂದು ಯಾರಾದರೂ ಕೇಳುವುದು.

ಎಎಯ ಸಭೆಗಳು ಭಾರತಕ್ಕೆ ಬಂದದ್ದು 1957ರಲ್ಲಿ. ಈಗ ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಸಭೆಗಳು ನಡೆಯುತ್ತವೆ. ಬೇರೆ ಊರುಗಳಲ್ಲೂ ಇವೆ. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇದ್ದವರಿಗೆ ಮಾತ್ರ. ಓಪನ್ ಮೀಟಿಂಗಿಗೆ ಮನೆಯವರು, ಸ್ನೇಹಿತರು, ತಿಳಿದುಕೊಳ್ಳಬೇಕೆಂದಿರುವವರು ಯಾರೂ ಬರಬಹುದು. ಬಂಧುವೊಬ್ಬರ ಜೊತೆ ಅಂಥ ಒಂದು ಓಪನ್ ಮೀಟಿಂಗಿನಲ್ಲಿ ಕೂತಿದ್ದೇನೆ. ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕೆಂಬುದು ಕಟ್ಟಳೆ. ಆದ್ದರಿಂದ ಮನುಷ್ಯರ ಬಗ್ಗೆ ಬರೆಯುವಂತಿಲ್ಲ, ಬೆಂಚಿನ ಬಗ್ಗೆ ಬರೆಯಬಹುದು.

ಅದು ಪ್ರೈಮರಿ ಶಾಲೆಯ ಕೋಣೆ. ಎರಡನೇ ಕ್ಲಾಸಿನ ಮಕ್ಕಳ ಬೆಂಚು. ದೊಡ್ಡವರು ಕೂತರೆ ಮೊಣಕಾಲು ಎದೆಗೆ ಬರುತ್ತದೆ, ಹಾಗಾಗಿ ಎಲ್ಲರೂ ಒಂದು ಪಕ್ಕಕ್ಕೆ ಕಾಲು ಚಾಚಿ ಕೂತಿದ್ದರು. ಕರಿಹಲಗೆಯಲ್ಲಿ ಮಧ್ಯಾಹ್ನದ ಕಾಗುಣಿತ ಅರ್ಧ ಅಳಿಸಿತ್ತು. ಅದರ ಮೇಲೆ ಮೊಳೆಗೆ ತೂಗುಹಾಕಿದ ಬಟ್ಟೆಯ ಬ್ಯಾನರಿನಲ್ಲಿ, ಕುಡಿತ ಬಿಡುವವರಿಗೆ ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳು. ಮೂಲೆಯ ಮೇಜಿನ ಮೇಲೆ ಟೀ ಫ್ಲಾಸ್ಕು, ಬಿಸ್ಕತ್ತಿನ ಪೊಟ್ಟಣ. ನಡುವೆ ಒಂದು ಡಬ್ಬ ಕೈಯಿಂದ ಕೈಗೆ ದಾಟಿತು. ಹಾಕಿದವರು ಹಾಕಿದರು, ಇಲ್ಲದವರು ದಾಟಿಸಿದರು, ಯಾರೂ ಯಾರ ಕೈಯನ್ನೂ ನೋಡಲಿಲ್ಲ. ಟೀ ಹಂಚುತ್ತಿದ್ದವರು ಎಲ್ಲರಿಗೂ ಕಪ್ಪು ತುಂಬ ಕೊಟ್ಟು, ಹೊಸದಾಗಿ ಬಂದು ಕೂತಿದ್ದ ಒಬ್ಬರಿಗೆ ಮಾತ್ರ ಅರ್ಧ ಕೊಟ್ಟರು. ಜಿಪುಣತನವೇ ಎಂದುಕೊಂಡೆ. ಆಮೇಲೆ ತಿಳಿಯಿತು, ಕೈ ನಡುಗುವವನಿಗೆ ತುಂಬಿದ ಕಪ್ಪು ಕೊಡಬಾರದು. ಚೆಲ್ಲಿದರೆ ಅವನು ಮುಂದಿನ ವಾರ ಬರುವುದಿಲ್ಲ. ಇದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಒಂದು ಕಾಲಕ್ಕೆ ತನ್ನ ಕೈ ನಡುಗಿದ್ದವನಿಗೆ ಮಾತ್ರ ಇದು ಗೊತ್ತಿರುತ್ತದೆ.

ಆ ಕೋಣೆಯ ಮಾತಿನ ಕ್ರಮವೂ ಗಮನಿಸುವಂಥದ್ದು. ‘ನೀನು ಹೀಗೆ ಮಾಡು’ ಎಂದು ಯಾರೂ ಹೇಳುವುದಿಲ್ಲ. ‘ನಾನು ಹೀಗಿದ್ದೆ, ಹೀಗಾಯಿತು, ಈಗ ಹೀಗಿದ್ದೇನೆ’ ಎಂಬುದಷ್ಟೇ ಮಾತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಮುಗಿದ ಮೇಲೆ ವಿಮರ್ಶೆಯಿಲ್ಲ. ನಮ್ಮ ಸಮಾಜದಲ್ಲಿ ಕುಡುಕನಿಗೆ ಬುದ್ಧಿ ಹೇಳದವರು ಯಾರಿದ್ದಾರೆ? ಅವನು ಉಪದೇಶ ಕೇಳಿಕೇಳಿ ಕಿವಿ ಮುಚ್ಚಿಕೊಂಡಿದ್ದಾನೆ. ಬುದ್ಧಿವಾದಕ್ಕೆ ಎದುರು ವಾದ ಹೂಡಬಹುದು, ಇನ್ನೊಬ್ಬನ ಅನುಭವದ ಎದುರು ವಾದ ಹೂಡಲಾಗುವುದಿಲ್ಲ. ಹೆಂಡತಿಯ ತಾಳಿ ಒತ್ತೆಯಿಟ್ಟ ಕಥೆಯನ್ನು ಯಾರೋ ಅಪರಿಚಿತ ಸಲೀಸಾಗಿ ಹೇಳುವಾಗ, ಇದು ನನ್ನೊಬ್ಬನ ನೀಚತನ ಎಂದು ವರ್ಷಗಟ್ಟಲೆ ಹೊತ್ತುಕೊಂಡಿದ್ದವನ ಹೆಗಲಿನ ಭಾರ ಸ್ವಲ್ಪ ಇಳಿಯುತ್ತದೆ.

ಇನ್ನು ಹೆಸರು. ನಮ್ಮಲ್ಲಿ ಇಬ್ಬರು ಅಪರಿಚಿತರು ಭೇಟಿಯಾದರೆ ಐದು ನಿಮಿಷದಲ್ಲಿ ‘ಯಾವೂರು, ಯಾರ ಪೈಕಿ’ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಅಲ್ಲಿಂದ ಜಾತಿ, ಅಲ್ಲಿಂದ ಅಂತಸ್ತು. ಆ ಕೋಣೆಯಲ್ಲಿ ಊರಿಲ್ಲ, ಮನೆತನವಿಲ್ಲ, ಹುದ್ದೆಯಿಲ್ಲ. ಬರೀ ಕರೆಯುವ ಹೆಸರು, ಅದರ ಹಿಂದೆಯೇ ‘ನಾನೊಬ್ಬ ಆಲ್ಕೊಹಾಲಿಕ್’ ಎಂಬ ಮಾತು. ಗುಟ್ಟು ಕಾಪಾಡುವುದಕ್ಕೆಂದು ಹುಟ್ಟಿದ ಈ ಏರ್ಪಾಡು ಇಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಇಂಜಿನಿಯರು ಮತ್ತು ಪೌರಕಾರ್ಮಿಕ ಒಂದೇ ಬೆಂಚಿನಲ್ಲಿ, ಒಂದೇ ಕಾರಣಕ್ಕೆ ಕೂರುವ ಜಾಗಗಳು ನಮ್ಮ ಊರುಗಳಲ್ಲಿ ಎಷ್ಟಿವೆ? ಬಾರು ಅಂಥದ್ದೊಂದು ಎನ್ನುವವರಿದ್ದಾರೆ, ಆದರೆ ಅಲ್ಲಿಯೂ ಎಸಿ ರೂಮು ಬೇರೆ, ನಿಂತು ಕುಡಿಯುವ ಕೌಂಟರು ಬೇರೆ. ಪರರ ಬಾಯಲ್ಲಿ ಬೈಗುಳವಾಗಿದ್ದ ಮಾತನ್ನು ತಾನೇ ತನ್ನ ಹೆಸರಿನ ಜೊತೆ ಸೇರಿಸಿಕೊಂಡಾಗ ಅದರ ಮೊನೆ ಮುರಿಯುತ್ತದೆ. 12ನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವನಿದ್ದ. ಹೆಂಡ ಮಾರುವ ಕಾಯಕವನ್ನು ಬಚ್ಚಿಡದೆ ಹೆಸರಿನ ಮೊದಲಿಗೇ ಇಟ್ಟುಕೊಂಡು ವಚನ ಬರೆದ. ಇದ್ದದ್ದನ್ನು ಇದ್ದಹಾಗೆ ಹೇಳಿಕೊಂಡವನಿಗೆ ಬರುವ ಧೈರ್ಯ ಈ ನೆಲಕ್ಕೆ ಹೊಸದಲ್ಲ.

ಹಾಗೆಂದು ಹೆಸರು ಮರೆಮಾಚುವುದೊಂದೇ ದಾರಿಯಲ್ಲ. ನಮ್ಮ ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಇದಕ್ಕೆ ನೇರ ವಿರುದ್ಧ ದಿಕ್ಕಿನವು. ಅಲ್ಲಿ ಎಂಟು ದಿನ ಊರಿನವರೇ ಸೇರಿ ಅಡುಗೆ ಮಾಡಿ ಬಡಿಸುತ್ತಾರೆ, ಮನೆಯವರು ಬರುತ್ತಾರೆ, ಬಿಟ್ಟವನನ್ನು ವೇದಿಕೆಯ ಮೇಲೆ ಕರೆದು ಗೌರವಿಸುತ್ತಾರೆ. ಹಳ್ಳಿಯಲ್ಲಿ ಗುಟ್ಟೆಂಬುದು ಹೇಗೂ ಇಲ್ಲ. ಇಲ್ಲದ ಗುಟ್ಟನ್ನು ಕಾಪಾಡುವ ಬದಲು ಊರನ್ನೇ ಸಾಕ್ಷಿಯಾಗಿ ನಿಲ್ಲಿಸುವುದು ಅಲ್ಲಿನ ವಿವೇಕ. ಆದರೆ ಅಲ್ಲೂ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಎಂಬ ಗುಂಪು ಇದೆ. ಬಿಟ್ಟವರು ಬಿಟ್ಟವರ ಜೊತೆ ಮತ್ತೆ ಮತ್ತೆ ಸೇರುವ ಜಾಗ ಅದು. ಒಂದು ಕಡೆ ಹೆಸರು ಅಳಿಸಿ, ಇನ್ನೊಂದು ಕಡೆ ಹೆಸರು ಎತ್ತಿಹಿಡಿದು, ಎರಡೂ ದಾರಿಗಳು ಬಂದು ಸೇರಿದ್ದು ಒಂದೇ ಕಡೆ. ಎಂಟು ದಿನದಲ್ಲಿ ಬಿಡಿಸಬಹುದು, ಒಂಬತ್ತನೆಯ ದಿನದಿಂದ ಬೇಕಾಗುವುದು ಜೊತೆ ಎಂಬುದು ಎರಡೂ ಕಡೆಯವರಿಗೆ ಗೊತ್ತು.

ಸಭೆ ಮನೆಗೆ ಹತ್ತಿರದಲ್ಲಿರಬೇಕು ಎನ್ನುವುದೂ ಈ ಜೊತೆಗಾಗಿಯೇ. ಮೊದಲ ಸಲ ಹೋಗುವವನು ದೂರದ್ದನ್ನೇ ಆರಿಸಿಕೊಳ್ಳುತ್ತಾನೆ. ಜಯನಗರದವನು ಯಲಹಂಕಕ್ಕೆ ಹೋಗುತ್ತಾನೆ, ಹಾಸನದವನು ಮೈಸೂರಿನ ಬಸ್ಸು ಹತ್ತುತ್ತಾನೆ. ಹೋಗಲಿ, ತಪ್ಪೇನಿಲ್ಲ. ಆದರೆ ಕುಡಿತದ ಸೆಳೆತ ಬಸ್ಸಿನ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಸಂಬಳದ ಸಂಜೆ ಬರುತ್ತದೆ, ಜಗಳದ ರಾತ್ರಿ ಬರುತ್ತದೆ, ಏನೂ ಕಾರಣವಿಲ್ಲದ ಭಾನುವಾರ ಮಧ್ಯಾಹ್ನ ಬರುತ್ತದೆ. ಆ ಹೊತ್ತಿಗೆ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಗಾಡಿ ಹತ್ತಿ ಬರುವ ಒಬ್ಬರು ಬೇಕು. ‘ಇವತ್ತೊಂದು ದಿನ’ ಎಂಬುದು ಈ ಗುಂಪುಗಳ ಲೆಕ್ಕ. ಜನ್ಮವಿಡೀ ಬಿಡುವ ಆಣೆಯಲ್ಲ, ಇವತ್ತು ಮಲಗುವ ತನಕ ಮುಟ್ಟದಿರುವ ಮಾತು. ಅಷ್ಟು ಚಿಕ್ಕ ಮಾತನ್ನು ಉಳಿಸಿಕೊಳ್ಳಲು ಸಹಾಯವೂ ಅಷ್ಟೇ ಹತ್ತಿರದಲ್ಲಿರಬೇಕು. ಇನ್ನೂ ಒಂದು ವಿಷಯ: ಕುಡಿತ ಬಿಟ್ಟವನು ಕಳೆದುಕೊಳ್ಳುವುದು ಮದ್ಯವನ್ನಷ್ಟೇ ಅಲ್ಲ, ಗೆಳೆಯರನ್ನು ಮತ್ತು ಸಂಜೆಯನ್ನು. ಆರರಿಂದ ಎಂಟರ ತನಕ ಏನು ಮಾಡಬೇಕೆಂದು ಅವನಿಗೆ ತಿಳಿಯದು. ಮನೆಯಲ್ಲಿ ಕೂತರೆ ಮನೆಯವರಿಗೂ ಅಭ್ಯಾಸವಿಲ್ಲ. ಸಭೆ ಆ ಎರಡು ಗಂಟೆಗೆ ಒಂದು ನೆಲೆ.

ಈ ದಾರಿಯನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳುವುದು ಅಪಾಯ. ದಿನವೂ ಹೆಚ್ಚು ಕುಡಿಯುವವನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಮೈ ನಡುಕ, ಫಿಟ್ಸು, ಇಲ್ಲದ್ದು ಕಾಣುವ ಭ್ರಮೆ ಬರಬಹುದು, ಪ್ರಾಣಕ್ಕೂ ಕುತ್ತು. ಅಂಥವರು ಮೊದಲು ಹೋಗಬೇಕಾದದ್ದು ಆಸ್ಪತ್ರೆಗೆ, ಸಭೆಗೆ ಆಮೇಲೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ವೈದ್ಯರಿದ್ದಾರೆ, 14446 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ, ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್‌ನ 14416 ಇದೆ. ಸಭೆಯ ವಿಳಾಸವನ್ನೂ ಇವರ ಬಳಿ ಕೇಳಬಹುದು. ಇನ್ನು ಸಭೆಗೆ ಬಂದವರೆಲ್ಲ ಉಳಿಯುವುದೂ ಇಲ್ಲ. ದೇವರ ಮಾತು, ‘ನಮಗಿಂತ ಮಿಗಿಲಾದ ಶಕ್ತಿ’ಯ ಮಾತು ಕೆಲವರಿಗೆ ಒಗ್ಗುವುದಿಲ್ಲ. ಹೆಣ್ಣುಮಕ್ಕಳಿಗೆ ಗಂಡಸರೇ ತುಂಬಿದ ಕೋಣೆಗೆ ಕಾಲಿಡುವುದೇ ಕಷ್ಟ, ಅವರ ಮೇಲಿನ ಕಳಂಕ ಎರಡು ಪಟ್ಟು. ಆದರೂ, ಇದು ಬರೀ ನಂಬಿಕೆಯ ವಿಷಯ ಎಂದು ತಳ್ಳಿಹಾಕುವಂತಿಲ್ಲ. 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2020ರ ಕಾಕ್ರೇನ್ ವಿಮರ್ಶೆ, ಜನರನ್ನು ವ್ಯವಸ್ಥಿತವಾಗಿ ಎಎಗೆ ಸೇರಿಸುವ ಚಿಕಿತ್ಸೆ ಕುಡಿಯದೇ ಇರುವಂತೆ ಮಾಡುವುದರಲ್ಲಿ ಇತರ ಮನೋಚಿಕಿತ್ಸೆಗಳಿಗಿಂತ ಮುಂದಿದೆ ಎಂದು ಕಂಡುಕೊಂಡಿತು.

ಈ ದಾರಿಗೆ ಇನ್ನೊಂದು ಮಿತಿಯಿದೆ, ಅದು ಮೇಲೆ ಹೇಳಿದವಕ್ಕಿಂತ ದೊಡ್ಡದು. 2007ರಲ್ಲಿ ಕರ್ನಾಟಕ ಸಾರಾಯಿ ನಿಷೇಧಿಸಿತು. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದು ಬಂದರು. ರಾಯಚೂರಿನಂಥ ಬಿಸಿಲು ಜಿಲ್ಲೆಗಳ ಕೂಲಿ ಹೆಂಗಸರು ಅವರಲ್ಲಿ ಬಹಳ ಇದ್ದರು. ಅವರು ಕೇಳಿದ್ದು ಗಂಡನಿಗೊಂದು ಸಭೆಯನ್ನಲ್ಲ, ಊರಿನಿಂದ ಅಂಗಡಿ ಹೋಗಲಿ ಎಂಬುದನ್ನು. ಎಎ ಇಂಥ ವಿಷಯಗಳಲ್ಲಿ ಯಾವ ಅಭಿಪ್ರಾಯವನ್ನೂ ಹೇಳುವುದಿಲ್ಲ, ಅದು ಅದರ ನಿಯಮ. ಅಬಕಾರಿ ಆದಾಯವನ್ನು ನೆಚ್ಚಿಕೊಂಡ ಸರ್ಕಾರದ ಬಗ್ಗೆಯಾಗಲೀ, ಕೆಲಸದ ನಾತ ಮರೆಯಲು ಕುಡಿಯಬೇಕಾದ ಕೆಲಸಗಳನ್ನು ಒಂದಷ್ಟು ಜನರಿಗೇ ಕಟ್ಟಿಟ್ಟ ಸಮಾಜದ ಬಗ್ಗೆಯಾಗಲೀ ಆ ಕೋಣೆ ಮಾತಾಡುವುದಿಲ್ಲ. ಆ ಮಾತನ್ನು ಹೊರಗಿರುವ ನಾವು ಆಡಬೇಕು. ಅಂಗಡಿ ಮುಚ್ಚಿಸುವ ಹೋರಾಟ ನಾಳೆಯದ್ದು, ಅಂಗಡಿ ತೆರೆದಿರುವಾಗಲೂ ಇವತ್ತು ಒಬ್ಬ ಅದನ್ನು ದಾಟಿ ಮನೆಗೆ ಹೋಗುವುದು ಕೋಣೆಯೊಳಗಿನ ಕೆಲಸ. ಒಂದನ್ನು ತೋರಿಸಿ ಇನ್ನೊಂದನ್ನು ಬೇಡವೆನ್ನಲಾಗದು.

ಮತ್ತೆ ಕುಡಿದವನ ಗತಿಯೇನು? ಸಭೆಯ ಭಾಷೆಯಲ್ಲಿ ಅದಕ್ಕೆ ‘ಸ್ಲಿಪ್’ ಎನ್ನುತ್ತಾರೆ. ಸ್ಲಿಪ್ ಆದವನು ಮತ್ತೆ ಬಂದರೆ ಅವನಿಗೆ ಅದೇ ಬೆಂಚು, ಅದೇ ಟೀ. ಸೇರಲು ಇರುವ ಅರ್ಹತೆ ಒಂದೇ, ಬಿಡಬೇಕೆಂಬ ಆಸೆ. ಬಿಟ್ಟಿರಬೇಕೆಂದಿಲ್ಲ, ಬಿಡುವ ಶಕ್ತಿ ಇರಬೇಕೆಂದೂ ಇಲ್ಲ. ಆಸೆಯನ್ನು ಯಾರೂ ಪರೀಕ್ಷೆ ಮಾಡಿ ನೋಡಲಾರರು, ಹಾಗಾಗಿ ಬಾಗಿಲಲ್ಲಿ ನಿಂತು ತಡೆಯುವವರೂ ಇಲ್ಲ. ನಾವು ಕಟ್ಟಿಕೊಂಡ ಸಂಸ್ಥೆಗಳಲ್ಲೆಲ್ಲ, ಮದುವೆಯಿಂದ ನೌಕರಿಯ ತನಕ, ಯೋಗ್ಯತೆ ಮೊದಲು, ಪ್ರವೇಶ ಆಮೇಲೆ. ಇಲ್ಲಿ ಕ್ರಮ ಉಲ್ಟಾ. ಕುಡಿತ ಸ್ವಲ್ಪ ಹತೋಟಿಗೆ ಬಂದ ಮೇಲೆ ಹೋಗುತ್ತೇನೆ ಎಂದು ಕಾಯುವವನು ಬಲು ದೊಡ್ಡದೊಂದನ್ನು ತಪ್ಪು ತಿಳಿದಿದ್ದಾನೆ: ಅವನು ಯಾವುದನ್ನು ನಾಚಿಕೆಯೆಂದು ಬಚ್ಚಿಟ್ಟಿದ್ದಾನೋ ಆ ಆಸೆಯೇ ಅಲ್ಲಿನ ಪ್ರವೇಶಪತ್ರ.

ಇಲ್ಲಿ ಯಾರೂ ಪಾಸಾಗಿ ಹೊರಗೆ ಹೋಗುವುದೂ ಇಲ್ಲ. ಬಿಲ್ ವಿಲ್ಸನ್ 1971ರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನು ವಿಸ್ಕಿ ಕೇಳಿದ್ದ, ಯಾರೂ ಕೊಡಲಿಲ್ಲ ಎಂಬುದು ಅವನ ಜೀವನಚರಿತ್ರೆಯಲ್ಲಿ ದಾಖಲಾಗಿದೆ. ಮೂವತ್ತಾರು ವರ್ಷ ಮುಟ್ಟದೆ, ಲಕ್ಷಾಂತರ ಜನರಿಗೆ ದಾರಿಯಾದವನ ಒಳಗೂ ಆ ಸೆಳೆತ ಸತ್ತಿರಲಿಲ್ಲ. ಇದನ್ನು ಓದಿ ಎದೆಗುಂದಬೇಕಾಗಿಲ್ಲ. ಆಸೆ ಸಾಯದೆಯೂ ಅದಕ್ಕೆ ಸೋಲದೆ ಇಷ್ಟು ವರ್ಷ ಬಾಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಇಪ್ಪತ್ತು ವರ್ಷದ ಹಳಬನೂ ಇವತ್ತಿನ ಒಂದು ದಿನಕ್ಕೆ ಇವತ್ತೇ ಬರಬೇಕು.

ಆ ಹಳಬನಿಗೆ ಯಾರು ಬೇಕು ಎಂದು ಕೇಳಿದರೆ, ಅವನು ಗುರುವಿನ ಹೆಸರು ಹೇಳುವುದಿಲ್ಲ. ನಿನ್ನೆ ರಾತ್ರಿ ಕುಡಿದು ಇವತ್ತು ಮೊದಲ ಸಲ ಬಂದು ಕೂತವನನ್ನು ತೋರಿಸುತ್ತಾನೆ. ಆ ಕೋಣೆಯಲ್ಲಿ ಎಲ್ಲರಿಗಿಂತ ಮುಖ್ಯನಾದವನು ಹೊಸಬ ಎಂಬುದು ಅವರ ನಡುವಿನ ಮಾತು, ಅದು ಸೌಜನ್ಯದ ಮಾತಲ್ಲ. ವರ್ಷಗಳು ಕಳೆದಂತೆ ಹಳಬ ತನ್ನ ಹಳೆಯ ನಡುಕವನ್ನು ಮರೆಯತೊಡಗುತ್ತಾನೆ, ‘ಒಂದು ಪೆಗ್ ಏನಾಗುತ್ತದೆ’ ಎಂಬ ಯೋಚನೆ ಆ ಮರೆವಿನಲ್ಲೇ ಹುಟ್ಟುವುದು. ಹೊಸಬನ ಮುಖ ನೋಡಿದಾಗ ಅವನಿಗೆ ತಾನು ಎಲ್ಲಿಂದ ಬಂದೆನೆಂಬುದು ನೆನಪಾಗುತ್ತದೆ. ವಿಳಾಸ ಕೇಳಲು ನಾಚಿ, ಬಾಗಿಲ ಹೊರಗೆ ಒಂದು ಬೀಡಿ ಸೇದಿ, ವಾಪಸು ಹೋಗಿಬಿಡಲೇ ಎಂದುಕೊಳ್ಳುವವನು ತಾನು ಬೇಡಲು ಬಂದಿದ್ದೇನೆ ಎಂದುಕೊಂಡಿರುತ್ತಾನೆ. ತನ್ನ ಕೈಯಲ್ಲೂ ಕೊಡುವುದಕ್ಕೆ ಒಂದಿದೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಹೇಳಬೇಕಾದದ್ದು ಅದನ್ನೇ. ಕುಡಿತ ಬಿಡು ಎಂದು ಅವನಿಗೆ ಇನ್ನೊಮ್ಮೆ ಹೇಳುವುದಕ್ಕಿಂತ, ನೀನು ಇವತ್ತು ಹೋಗದಿದ್ದರೆ ಅಲ್ಲಿರುವ ಒಬ್ಬನಿಗೆ ನಷ್ಟ ಎಂದು ಹೇಳುವುದು ಹೆಚ್ಚು ನಿಜ.